ಒಂದು ಲೈಸೆನ್ಸು, ಮೂರು ತಾಲ್ಲೂಕು

"ಮೊದಲಿನ ಗಾಜು ಸ್ಪಷ್ಟವಾ, ಈಗಿಂದಾ?" ಅಂತ ನಂದನ ಕೇಳಿದ. ಹದಿನಾರು ವರ್ಷದಿಂದ ದಿನಕ್ಕೆ ಇಪ್ಪತ್ತು ಸಲ ಇದೇ ಪ್ರಶ್ನೆ ಕೇಳ್ತಾ ಬಂದಿದ್ದ. ಉತ್ತರ ಕೇಳಿಸ್ಕೊಳ್ಳೋದನ್ನ ಮಾತ್ರ ಈಚೆಗೆ ಬಿಟ್ಟಿದ್ದ. ಎದುರಿನ ಕುರ್ಚಿಯಲ್ಲಿ ಬನವಾಸಿ ಕಡೆಯ ಅನ್ನಪೂರ್ಣವ್ವ ಆ ದಪ್ಪ ಉಕ್ಕಿನ ಟ್ರಯಲ್ ಫ್ರೇಮನ್ನ ಮೂಗಿನ ಮೇಲೆ ಹೊತ್ಕೊಂಡು, ಗೋಡೆ ಮೇಲಿನ ಅಕ್ಷರ ಬಿಟ್ಟು ನಂದನನ್ನೇ ನೋಡ್ತಿದ್ರು. "ಎರಡೂ ಒಂದ ಅದಾವ್ರಿ ಸರ," ಅಂದ್ರು. "ಸರೀ ನೋಡಿ ಅಮ್ಮಾ. ಇದಾ... ಇದಾ?" "ಅದನ್ನ ತಗದು ಅದನ್ನ ಹಾಕಾಕತ್ತೀರಲ್ರಿ. ನಾ ಏನು ಪೂರಾ ಕುರುಡಿ ಅಂತ ತಿಳದೀರೇನು?" ನಂದನ ತನ್ನ ಕೈ ನೋಡ್ಕೊಂಡ. ಹೌದು, ಒಂದೇ ಗಾಜು. ತೆಗೆದಿದ್ದನ್ನೇ ಒರೆಸಿ ಮತ್ತೆ ಸಿಕ್ಕಿಸಿದ್ದ. "ನೀವು ನಿಜ ಹೇಳ್ತೀರೋ ಇಲ್ವೋ ಅಂತ ಪರೀಕ್ಷೆ ಮಾಡಿದ್ದು," ಅಂದು ನಕ್ಕ. ಅವರು ನಗಲಿಲ್ಲ. "ಕಣ್ಣು ತೋರಸಾಕ ಬಂದೀನ್ರಿ, ಸಾಕ್ಷಿ ಹೇಳಾಕ ಬಂದಿಲ್ಲ," ಅಂದ್ರು. ಸಾಕ್ಷಿ ಅನ್ನೋ ಮಾತಿಗೆ ನಂದನನ ಕಿವಿ ಬೆಚ್ಚಗಾಯ್ತು, ಯಾಕಂದ್ರೆ ಗಲ್ಲೆಯ ಮೇಲೆ ತೆರೆದಿಟ್ಟಿದ್ದ ಲ್ಯಾಪ್‌ಟಾಪಿನಲ್ಲಿ ಒಂದು ಕೆಂಪು ಗಡಿಯಾರ ಹಿಂದಕ್ಕೆ ಓಡ್ತಾ ಇತ್ತು, ಮತ್ತು ಅವನು ಗಾಜು ಬದಲಿಸೋ ಬದಲು ಅದನ್ನೇ ನೋಡ್ತಿದ್ದ: ಸೇಲು ಮುಗಿಯೋಕೆ ಒಂದು ಗಂಟೆ ಮೂವತ್ತೆಂಟು ನಿಮಿಷ.

ಅಮೆರಿಕದ ಪಶ್ಚಿಮ ತೀರದ ನಡುರಾತ್ರಿ ಅಂದ್ರೆ ಶಿರಸಿಯ ಮಧ್ಯಾಹ್ನ ಹನ್ನೆರಡೂವರೆ. ಅವರು ಹಾಸಿಗೆ ಹಾಸೋ ಹೊತ್ತಿಗೆ ನಾವು ಬಾಳೆಲೆ ಹಾಸ್ತೇವೆ. ಅನ್ನಪೂರ್ಣವ್ವರನ್ನ ಸರಿಯಾದ ಗಾಜು ಹಾಕಿ, ಸರಿಯಾದ ಚೀಟಿ ಬರೆದು ಕಳಿಸಿದ ಮೇಲೆ ನಂದನ ಆ ಪುಟದ ಮುಂದೆ ಕೂತ. ಗಿಟಾರಿನ ಆಂಪ್ಲಿಫೈಯರ್ ಇಲ್ಲದೇ ಆಂಪ್ಲಿಫೈಯರಿನ ಶಬ್ದ ಹುಟ್ಟಿಸೋ ಸಾಫ್ಟ್‌ವೇರ್ ಅದು, ಪ್ಲಗಿನ್ ಅಂತಾರೆ. ಗಿಟಾರಿನಿಂದ ಒಂದು ವಯರು, ವಯರಿಗೊಂದು ಸಣ್ಣ ಡಬ್ಬಿ, ಡಬ್ಬಿಯಿಂದ ಲ್ಯಾಪ್‌ಟಾಪಿಗೆ, ಅಷ್ಟೇ. ಆಮೇಲೆ ಅಂಗೈಯಗಲದ ಪರದೆಯಲ್ಲಿ ಐವತ್ತು ಕಿಲೋ ತೂಕದ ಪೆಟ್ಟಿಗೆಗಳು ಒಂದರ ಮೇಲೊಂದು ಪೇರಿಸಿದ ಹಾಗೆ ಬಂದು ನಿಲ್ತಿದ್ವು. ಮಾಡಿದವರ ಶ್ರದ್ಧೆಗೆ ನಂದನ ಮನಸಾರೆ ತಲೆ ಬಾಗ್ತಿದ್ದ. ಎಂದೋ ಯಾರದೋ ಗ್ಯಾರೇಜಿನಲ್ಲಿ ಹೊಗೆ ಎದ್ದು ಸತ್ತುಹೋದ ಹಳೇ ಆಂಪಿನ ಒಂದು ಗಾಜಿನ ವಾಲ್ವು, ಸಾಯೋಕೆ ಮುಂಚೆ ಹ್ಯಾಗೆ ನರಳಿತ್ತೋ ಅದನ್ನೂ ಬಿಡದೇ ಲೆಕ್ಕ ಹಾಕಿ ಬರೆದಿದ್ರು. ಗುಂಡಿಗಳ ಸುತ್ತ ತುಕ್ಕು ಬಿಡಿಸಿದ್ರು, ತಂತಿಬಲೆಯ ಮೇಲೆ ಧೂಳು ಬಿಡಿಸಿದ್ರು. ಮೊದಲನೇ ದಿನ ನಂದನ ಆ ಧೂಳನ್ನ ಕನ್ನಡಕ ಒರೆಸೋ ಬಟ್ಟೆಯಲ್ಲಿ ಎರಡು ಸಲ ಒರೆಸಿ, ಮೂರನೇ ಸಲಕ್ಕೆ ನಾಚಿಕೊಂಡಿದ್ದ. ಇನ್ನೊಂದು ಪ್ಲಗಿನ್ ಇತ್ತು, ಹಳೇ ಟೇಪಿನ ಸುಯ್‌ಗುಡುವ ಸದ್ದು ಸೇರಿಸೋದಕ್ಕೆ. ಆ ಸದ್ದು ತೆಗೆಯೋದಕ್ಕೆ ಐವತ್ತು ವರ್ಷ ದುಡಿದ ಲೋಕ ಈಗ ಅದನ್ನ ವಾಪಸ್ ಕೊಂಡುಕೊಳ್ತಿತ್ತು, ಅದೂ ರಿಯಾಯಿತಿಯಲ್ಲಿ. ನಂದನನ ಹತ್ರ ಇಂಥವು ಅರವತ್ತೆರಡು ಇದ್ವು. ಆನ್‌ಲೈನ್ ಅಂಗಡಿಯ ಕಾರ್ಟು ಕೋರ್ಟಿದ್ದ ಹಾಗೆ, ಒಳಗೆ ಹಾಕಿದ್ದು ಇತ್ಯರ್ಥ ಆಗೋ ತನಕ ಸಮಾಧಾನ ಇಲ್ಲ. ಹಾಕಿ ಸುಮ್ಮನಿದ್ರೆ ಮಾರನೇ ದಿನ ಮೇಲ್ ಬರ್ತದೆ, 'ನೀವು ಏನನ್ನೋ ಮರೆತಿದ್ದೀರಿ' ಅಂತ. ಮರೆತಿದ್ದು ಏನು ಅಂತ ನಂದನನಿಗೆ ಚೆನ್ನಾಗಿ ಗೊತ್ತಿತ್ತು. ಗಿಟಾರು. ಅದು ಹಿಂದಿನ ಕೋಣೆಯಲ್ಲಿ ಫ್ರೇಮುಗಳ ಪೆಟ್ಟಿಗೆಯ ಹಿಂದೆ ಗೋಡೆಗೆ ಮುಖ ಮಾಡಿ ನಿಂತಿತ್ತು. ಸೇಲಿಗೂ ಸೋಲಿಗೂ ಒಂದು ಕೊಂಬಿನ ವ್ಯತ್ಯಾಸ ಅಂತ ತನ್ನಷ್ಟಕ್ಕೇ ಅಂದ್ಕೊಂಡು, ಮಾತು ಚೆನ್ನಾಗಿ ಬಂತು ಅಂತ ಖುಷಿಪಟ್ಟು, ಖುಷಿಪಟ್ಟಿದ್ದಕ್ಕೆ ಬೇಜಾರು ಮಾಡ್ಕೊಂಡ.

ಫೋನು ಗುಂಯ್ ಅಂತು. 'ಏರಿಸು-ಇಳಿಸು' ಅಂತ ಹೆಸರಿದ್ದ ವಾಟ್ಸಾಪ್ ಗುಂಪಿನಲ್ಲಿ ಯಲ್ಲಾಪುರದ ಗಂಗಕ್ಕನ ಧ್ವನಿ. ಆ ಗುಂಪಿನಲ್ಲಿ ಇದ್ದದ್ದೇ ಮೂರು ಜನ. ಒಂದು ಕಾಲದಲ್ಲಿ ಮೂರೂ ಜನ ಒಂದೇ ರಸಮಂಜರಿ ತಂಡದಲ್ಲಿದ್ರು. ಶಶಾಂಕ ಮುಖ್ಯ ಗಿಟಾರು, ನಂದನ ಜೊತೆ ಗಿಟಾರು, ಗಂಗಕ್ಕ ಬೇಸ್ ಗಿಟಾರು. ಹೆಂಗಸು ಅಷ್ಟು ದಪ್ಪ ತಂತಿ ಮೀಟೋದನ್ನ ನೋಡೋಕೇ ಹೊನ್ನಾವರದಿಂದ ಜನ ಬರ್ತಿದ್ರು. ಕೊರೊನಾ ಬಂದು ಕಾರ್ಯಕ್ರಮ ನಿಂತ್ವು, ತಂಡದ ಆಂಪ್ಲಿಫೈಯರನ್ನ ಹಾವೇರಿಯ ಮೈಕ್ ಸೆಟ್ಟಿನವರೊಬ್ಬರು ಬಂದು ಲಗೇಜ್ ಆಟೋದಲ್ಲಿ ಹೇರಿಕೊಂಡು ಹೋದ್ರು. ಗಂಗಕ್ಕ ಯಲ್ಲಾಪುರದಲ್ಲಿ ಬ್ಲೌಸು ಹೊಲಿಯೋ ಅಂಗಡಿ ಇಟ್ಟಳು, ಶಶಾಂಕ ಸಿದ್ದಾಪುರ ತಾಲ್ಲೂಕಿನ ದೊಡ್ಮನೆ ಅನ್ನೋ ಊರಲ್ಲಿ ಬ್ರಾಂಚ್ ಪೋಸ್ಟ್ ಮಾಸ್ಟರ್ ಕೆಲಸವನ್ನೇ ಗಟ್ಟಿಯಾಗಿ ಹಿಡಿದ, ನಂದನನ ಕನ್ನಡಕದ ಅಂಗಡಿ ಸಿ.ಪಿ. ಬಜಾರಿನಲ್ಲಿ ಇದ್ದೇ ಇತ್ತು. ಆಮೇಲೆ ಮೂರು ಜನ ಸೇರಿ ಒಂದು ಆಂಪ್ ಸಿಮ್ಯುಲೇಟರು ಕೊಂಡ್ರು. ಒಂದು ಲೈಸೆನ್ಸು, ಒಂದು ಹೊತ್ತಿಗೆ ಒಂದೇ ಮಷೀನು ಅಂತ ಕಂಪನಿಯ ಕಟ್ಟಳೆ. ಬೇರೆ ಊರಿನವರಾಗಿದ್ರೆ ಇದು ಆಗದ ಕೆಲಸ ಅಂತ ಬಿಡ್ತಿದ್ರೇನೋ. ಇವರಿಗೆ ಅದರಲ್ಲಿ ವಿಚಿತ್ರವೇ ಕಾಣಲಿಲ್ಲ. ಇವತ್ತು ನಿಮ್ಮನೆ ಅಡಿಕೆ ಕೊನೆಕೊಯ್ಲಿಗೆ ನಾವು ಬರ್ತೇವೆ, ನಾಳೆ ನಮ್ಮನೆಗೆ ನೀವು ಬನ್ನಿ ಅಂತ ಅಜ್ಜನ ಕಾಲದಿಂದ ಮುರಿಯಾಳು ಮಾಡಿಕೊಂಡು ಬಂದವರು; ಆಳಿನ ಬದಲು ಆಂಪು, ಅಷ್ಟೇ. ಒಬ್ಬರು ತಮ್ಮ ಮಷೀನಿನಿಂದ ಲೈಸೆನ್ಸು ಇಳಿಸ್ಬೇಕು, ಇನ್ನೊಬ್ಬರು ಏರಿಸ್ಕೊಬೇಕು. ಇದು ಕಟ್ಟಳೆಗೆ ಒಪ್ಪೋ ಮಾತೋ ಅಲ್ವೋ ಅಂತ ಯಾರೂ ಓದಲಿಲ್ಲ. ಓದೋ ಕನ್ನಡಕ ಮಾರೋ ನಂದನನೂ ಓದಲಿಲ್ಲ.

"ತಮಾ ನಂದನಾ, ಶಶಾಂಕಾ, ಇಬ್ರೂ ಕೇಳಿ," ಅಂತಿತ್ತು ಗಂಗಕ್ಕನ ಧ್ವನಿ, ಹಿಂದೆ ಹೊಲಿಗೆ ಮಷೀನಿನ ತಾಳ. "ಇವತ್ತು ಎಂಬತ್ತು ಪರ್ಸೆಂಟ್ ಕಮ್ಮಿ ಇದ್ದು. ಮೂರೂ ಜನ ಬೇರೆ ಬೇರೆ ತಗಂಡು ಬಿಡನ. ಮೂರು ವರ್ಷ ಆತು ಈ ಏರಿಸು ಇಳಿಸು. ಮೊನ್ನೆ ಒಬ್ಬಳ ಅಳತೆ ತಗತಾ ಇರಕಾರೆ ಶಶಾಂಕ ಫೋನ್ ಮಾಡಿ 'ಗಂಗಕ್ಕ, ಇಳಿಸು' ಅಂದ. ಆನು ತೋಳು ಎರಡು ಇಂಚು ಇಳಿಸಿ ಬರಕಂಡೆ. ಅದು ಈಗ ಬ್ಲೌಸು ಹಾಕ್ಯಂಡು ಬಂದು ಎನ್ನ ಎದುರಿಗೆ ಕುಂತಿದ್ದು." ನಂದನ ನಗ್ತಾ ನಗ್ತಾ ನಿಲ್ಲಿಸಿದ. ಬೇರೆ ಬೇರೆ ತಗೊಂಡ್ರೆ ಫೋನು ಯಾಕೆ ಮಾಡೋದು? ಬೆರಳು ತಾನಾಗೇ ಒತ್ತಿ ಮಾತಾಡ್ತು: "ಗಂಗಕ್ಕಾ, ತಡಿ. ಗಡಿಬಿಡಿ ಎಂತಕ್ಕೆ? ದೀಪಾವಳಿ ಹೊತ್ತಿಗೆ ಇನ್ನೂ ಇಳೀತು." ಎರಡು ನಿಮಿಷಕ್ಕೆ ಉತ್ತರ ಬಂತು. "ನೀ ಎಂತ ಅಡಿಕೆ ಟೆಂಡರಿಗೆ ಕುಂತಿದ್ಯನಾ? ರೇಟ್ ಆಜಿಲ್ಲೆ ಹೇಳಿ ಚೀಲ ವಾಪಸ್ ತಗಂಡು ಹೋಪಲೆ? ಇವತ್ತೇ ತಗ ಮಾರಾಯಾ."

ತಗೊಳ್ಳೋದೇನು ಬಂತು, ಅವನ ಹತ್ರ ಇತ್ತು; ಇವರಿಬ್ಬರ ಕಣ್ಣಿಗೆ ಬೀಳದೇ ಸೇಲು ಮುಗೀಲಿ ಅಂತಲೇ ಅವನು ಗಡಿಯಾರ ಕಾಯ್ತಿದ್ದ. ಕಳೆದ ನವೆಂಬರಿನ ಸೇಲಿನಲ್ಲಿ, ಒಂದು ಶುಕ್ರವಾರ, ಬೇರೆ ಮೇಲ್ ಐಡಿಯಲ್ಲಿ, ಅದೇ ಸಿಮ್ಯುಲೇಟರನ್ನ ಅವನೊಬ್ಬನೇ ಕೊಂಡಿದ್ದ. ಕೊಂಡಾಗ ಹೇಳಬೇಕು ಅಂತಲೇ ಇತ್ತು. ಅವತ್ತು ಮಧ್ಯಾಹ್ನ ಎರಡಕ್ಕೆ ಹೇಳೋಕಂತಲೇ ಶಶಾಂಕನಿಗೆ ಫೋನ್ ಮಾಡಿದ. ಶಶಾಂಕ ಎಂದಿನ ಹಾಗೆ, "ಇಳಿಸವಾ? ತಡಿ, ಈ ತುಣುಕು ಮುಗಿಸಿ ಕೊಡ್ತೆ," ಅಂದು ಫೋನನ್ನ ಮೇಜಿನ ಮೇಲೆ ಇಟ್ಟ. ಆಮೇಲೆ ಬಾರಿಸಿದ. ಮೂರು ನಿಮಿಷ. ನಂದನ ಊಟದ ಡಬ್ಬಿಯ ಮುಚ್ಚಳ ಅರ್ಧ ತೆಗೆದವನು ಅರ್ಧಕ್ಕೇ ನಿಲ್ಲಿಸಿ ಕೇಳಿದ. ಶಶಾಂಕ ಬಾರಿಸೋದು ಕಮ್ಮಿ. ಅಂದ್ರೆ ಬಾರಿಸುವಾಗಲೂ ಕಮ್ಮಿ ಬಾರಿಸ್ತಾನೆ. ಬೇರೆಯವರು ಹತ್ತು ಸ್ವರ ಸುರಿಯೋ ಜಾಗದಲ್ಲಿ ಅವನು ಎರಡು ಇಟ್ಟು, ಮೂರನೇದು ಬರ್ತದೆ ಅಂತ ನಾವು ಕಾಯುವಾಗ ತರೋದೇ ಇಲ್ಲ, ನಾವೇ ಅದನ್ನ ಮನಸ್ಸಲ್ಲಿ ಬಾರಿಸ್ಕೊಂಡು ಮುಗಿಸಿದ ಮೇಲೆ ಮೆಲ್ಲಗೆ ತಂದು ಪಕ್ಕದಲ್ಲಿಡ್ತಾನೆ, ಅದು ನಾವು ಅಂದ್ಕೊಂಡಿದ್ದಕ್ಕಿಂತ ಒಂದು ಕೂದಲೆಳೆ ಕೆಳಗಿರ್ತದೆ, ಮತ್ತು ಅದೇ ಸರಿ ಅನ್ನಿಸ್ತದೆ. ನಂದನ ಒಂದು ಸಲ ದೊಡ್ಮನೆಯ ಪೋಸ್ಟಾಫೀಸಿಗೆ ಹೋದಾಗ ಅವನು ಕಾಗದಕ್ಕೆ ಠಸ್ಸೆ ಹೊಡೆಯೋದನ್ನ ನೋಡಿದ್ದ. ಶಾಯಿಪಟ್ಟಿಗೆ ಒಂದು, ಕಾಗದಕ್ಕೆ ಒಂದು, ಮತ್ತೆ ಒಂದು ಕ್ಷಣ ಬಿಡುವು; ಆ ಬಿಡುವಿನಲ್ಲಿ ಅವನು ತಾರೀಖು ಮೂಡಿದ್ದನ್ನ ನೋಡಿ ಮೆಚ್ಚಿಕೊಳ್ತಿದ್ದ. ಅದೇ ಬಿಡುವು ಗಿಟಾರಿನಲ್ಲೂ ಇತ್ತು. ಫೋನಿನ ಸಣ್ಣ ಸ್ಪೀಕರು ಅರ್ಧ ಸ್ವರ ತಿಂದು ಹಾಕ್ತಿತ್ತು, ಎಲ್ಲೋ ನಾಯಿ ಬೊಗಳ್ತಿತ್ತು, ಆದ್ರೂ ಮುಗಿದಾಗ ನಂದನನಿಗೆ ಹೇಳಬೇಕಾದ ಮಾತು ಮರೆತಿತ್ತು. "ಇಳಿಸಿದ್ದೆ, ತಗ," ಅಂದ ಶಶಾಂಕ. "ಹೂಂ," ಅಂದ ನಂದನ.

ಮಾರನೇ ದಿನ ಮತ್ತೆ ಫೋನ್ ಮಾಡಿದ. ವಾರಕ್ಕೆ ಎರಡು ಸಲ, ಮೂರು ಸಲ. ಇಳಿಸ್ತ್ಯಾ ಅಂತ ಕೇಳೋದು, ಅವನು ತುಣುಕು ಮುಗಿಸೋ ತನಕ ಕೇಳೋದು. ಕನ್ನಡದಲ್ಲಿ ಕೇಳೋದಕ್ಕೂ ಕೇಳೋದಕ್ಕೂ ಒಂದೇ ಮಾತಿರೋದು ಕಳ್ಳರಿಗೆ ಎಷ್ಟು ಅನುಕೂಲ ಅಂತ ಅಂದ್ಕೊಂಡು ಅವನು ನಕ್ಕದ್ದೂ ಇತ್ತು. ಇಳಿಸಿಕೊಟ್ಟ ಲೈಸೆನ್ಸನ್ನ ಅವನು ಏರಿಸ್ಕೊಳ್ತಲೂ ಇರಲಿಲ್ಲ. ಅದು ಶಿರಸಿಗೂ ಸಿದ್ದಾಪುರಕ್ಕೂ ನಡುವೆ ಎಲ್ಲೋ ಗಾಳಿಯಲ್ಲಿ ಯಾರಿಗೂ ಇಲ್ಲದೇ ತೂಗ್ತಿತ್ತು. ಸಾಯಂಕಾಲ 'ಆಯ್ತು, ಬೇಕಾದ್ರೆ ತಗೊಳಿ' ಅಂತ ಗುಂಪಿಗೆ ಹಾಕಿಬಿಡ್ತಿದ್ದ. ಅಷ್ಟು ಹೊತ್ತು ಶಶಾಂಕ ಬಾರಿಸದೇ ಕೂತಿರ್ತಿದ್ದ ಅನ್ನೋದನ್ನ ನಂದನ ಯೋಚನೆ ಮಾಡಲೇ ಇಲ್ಲ, ಫೆಬ್ರವರಿ ತನಕ. ಫೆಬ್ರವರಿಯ ಒಂದು ದಿನ ಗಿರಾಕಿಯೊಬ್ಬ ಕನ್ನಡಕ ಗಲ್ಲೆಯ ಮೇಲೆ ಎಸೆದು, "ಇದರಲ್ಲಿ ನನ್ನ ಹೆಂಡ್ತಿ ಇಬ್ಬರಾಗಿ ಕಾಣ್ತಾಳೆ, ಒಬ್ಬಳನ್ನೇ ಸಾಕೋದು ಕಷ್ಟ ಇದೆ," ಅಂತ ಅಂಗಡಿ ತುಂಬ ಜನರ ಎದುರು ಕೂಗಾಡಿ ಹೋದ. ಎಲ್ಲರೂ ನಕ್ಕರು. ನಂದನನೂ ನಗಬೇಕಾಯ್ತು. ಆಮೇಲೆ ಒಂದು ತುಣುಕು ಕೇಳಿದ್ರೆ ಸಾಕು ಅನ್ನಿಸಿ, ಹೊತ್ತಲ್ಲದ ಹೊತ್ತಲ್ಲಿ ಫೋನ್ ಮಾಡಿ, "ಇಳಿಸ್ತ್ಯಾ? ಅರ್ಜೆಂಟ್ ಇದ್ದು," ಅಂದ. "ಈಗಷ್ಟೇ ಬಂದಿತ್ತು ಮಾರಾಯಾ," ಅಂದ ಶಶಾಂಕ, ಯಾರೋ ಬಾಗಿಲಿಗೆ ಬಂದು ಹೋದರು ಅನ್ನೋ ಹಾಗೆ. "ಅಡ್ಡಿಲ್ಲೆ. ತಗ." ಆವತ್ತು ಅವನು ಬಾರಿಸಲೂ ಇಲ್ಲ, ಅರ್ಜೆಂಟು ಅಂದಿದ್ದಕ್ಕೆ ತಕ್ಷಣ ಇಳಿಸಿಬಿಟ್ಟ. ಎರಡು ವಾರದಿಂದ ಕಟ್ತಾ ಇದ್ದ ಒಂದು ತುಣುಕು ಅದು, ಆವತ್ತು ತಪ್ಪಿದ್ದು ಮತ್ತೆ ಕೈಗೆ ಬರಲೇ ಇಲ್ಲ ಅಂತ ಗಂಗಕ್ಕ ಆಮೇಲೊಂದು ದಿನ ಏನೋ ಮಾತಿಗೆ ಹೇಳಿದಳು. ಅದನ್ನ ಕೇಳಿದ ರಾತ್ರಿಯೂ ನಂದನ ಊಟ ಚೆನ್ನಾಗೇ ಮಾಡಿದ, ನಿದ್ದೆಯೂ ಬಂತು, ಅದೇ ಅವನಿಗೆ ಈಗ ಅಸಹ್ಯ ಅನ್ನಿಸೋ ಸಂಗತಿ. ಎರಡು ದಿನ ಬಿಟ್ಟು ಮತ್ತೆ ಫೋನ್ ಮಾಡಿದ್ದ.

ಒಂದು ಗಂಟೆ ನಾಲ್ಕು ನಿಮಿಷ. ಈಗ ಮೂರೂ ಜನ ಬೇರೆ ಬೇರೆ ಕೊಂಡ್ರೆ ಆ ಮಧ್ಯಾಹ್ನದ ಮೂರು ನಿಮಿಷ ಹೋಯ್ತು. ಸುಮ್ಮನೆ ಫೋನ್ ಮಾಡಿ 'ಏ ಶಶಾಂಕಾ, ಬಾರ್ಸು, ಕೇಳ್ತೆ' ಅನ್ನೋಕೆ ಆಗ್ತಿರಲಿಲ್ಲವೇ? ಆಗ್ತಿರಲಿಲ್ಲ. ಹಾಗಂದ್ರೆ ಅವನು 'ಎಂತ ಬಾರಿಸದು, ಬಿಡಾ' ಅಂದುಬಿಡ್ತಾನೆ. ವೇದಿಕೆಯ ಮೇಲೂ ಅವನು ಜನರಿಗೆ ಬೆನ್ನು ಹಾಕಿ, ಡ್ರಮ್ಮಿನ ಕಡೆ ತಿರುಗಿ ಬಾರಿಸ್ತಿದ್ದ. ಮೆಚ್ಚಿಕೆ ಅಂದ್ರೆ ಅವನಿಗೆ ಇನ್ಯಾರದೋ ವಿಳಾಸಕ್ಕೆ ಬರೆದ ಕಾಗದ ಕೈಗೆ ಬಂದ ಹಾಗೆ. ತಿರುಗಿಸಿ ನೋಡಿ ವಾಪಸ್ ಮಾಡ್ತಿದ್ದ. ಹಾಗಾಗಿ ಕಳ್ಳತನವೇ ದಾರಿ ಅಂತ ನಂದನ ತನ್ನಷ್ಟಕ್ಕೇ ವಾದ ಮಾಡಿ ಗೆಲ್ತಿದ್ದ. ಎದುರು ವಕೀಲ ಇಲ್ಲದ ಗೆಲುವು.

"ಎಂತದಾ ಮಾರಾಯಾ, ಗಿರಾಕಿ ಬಂದ್ರೆ ತಲೆ ಎತ್ತಿ ನೋಡವು ಹೇಳಿ ಇಲ್ಯನಾ?" ತಲೆ ಎತ್ತಿದ್ರೆ ಶಶಾಂಕ. ಅರ್ಧ ತೋಳಿನ ಅಂಗಿ, ಬಗಲಲ್ಲಿ ಚೀಲ, ಹಣೆಯ ಮೇಲೆ ಬಸ್ಸಿನ ಬೆವರು. ನಂದನ ಲ್ಯಾಪ್‌ಟಾಪಿನ ಮುಚ್ಚಳ ಅರ್ಧ ಬಡಿದು, ಯಾಕೆ ಬಡಿದೆ ಅಂತ ಗಾಬರಿಯಾಗಿ ಮತ್ತೆ ತೆಗೆದ. "ನೀ ಇಲ್ಲಿ? ಪೋಸ್ಟಾಫೀಸಿಗೆ ಯಾರಿದ್ದ?" "ರಜೆ ಹಾಕಿದ್ದೆ. ನಾಗಿ ನೋಡ್ಕತ್ತು. ಟಪಾಲು ಹಂಚದೂ ಅದೇ, ಠಸ್ಸೆ ಹೊಡೆಯದೂ ಅದೇ ಇವತ್ತು." ಶಶಾಂಕ ಪರೀಕ್ಷೆಯ ಕುರ್ಚಿಯಲ್ಲಿ ತಾನೇ ಕೂತ. "ಎಂಗೆ ಕನ್ನಡಕ ಬೇಕು. ಹೊಸ ತಂತಿ ಹಾಕವು ಹೇಳಿ ಹೋದ್ರೆ ಗಿಟಾರಿನ ತೂತು ಕಾಣ್ತಿಲ್ಲೆ. ನಿನ್ನೆ ಸೂಜಿಗೆ ದಾರ ಪೋಣಿಸೋ ಮುದುಕಿ ಹಂಗೆ ಅರ್ಧ ತಾಸು ಕುಂತಿದ್ದೆ. ಮತ್ತೆ ಗಂಗಕ್ಕ ಎದ್ದ ಕೂಡಲೇ ಫೋನ್ ಮಾಡಿ ಜೀವ ತಿಂತು, ಅದನ್ನೂ ಇವತ್ತೇ ತಗಳವು ಹೇಳಿ. ಎನ್ನ ಕಾರ್ಡು ಸಮುದ್ರ ದಾಟ್ತಿಲ್ಲೆ. ನೀ ನಿನ್ನ ಕಾರ್ಡಲ್ಲಿ ತೆಗೆದುಕೊಡು, ದುಡ್ಡು ಈಗಲೇ ಹಾಕ್ತೆ."

ನಂದನ ಅಷ್ಟು ಶ್ರದ್ಧೆಯಿಂದ ಯಾರ ಕಣ್ಣನ್ನೂ ನೋಡಿರಲಿಲ್ಲ. ಮೊದಲು ದೂರದ ಅಕ್ಷರ, ಆಮೇಲೆ ಹತ್ತಿರದ್ದು. ಟ್ರಯಲ್ ಫ್ರೇಮಿನಲ್ಲಿ ಗಾಜು ಹಾಕಿದ, ತೆಗೆದ, ಇನ್ನೊಂದು ಹಾಕಿದ. ಇಷ್ಟು ಹತ್ತಿರದಿಂದ ಈ ಮುಖವನ್ನ ಯಾವತ್ತು ನೋಡಿದ್ದೆ? ರೆಪ್ಪೆಯಲ್ಲಿ ಎರಡು ಬಿಳಿ ಕೂದಲು. ಬಲಗೈ ಹೆಬ್ಬೆರಳಲ್ಲಿ ಎಷ್ಟು ತೊಳೆದರೂ ಹೋಗದ ನೇರಳೆ ಶಾಯಿ, ಎಡಗೈ ಬೆರಳತುದಿಗಳಲ್ಲಿ ತಂತಿ ಕೊರೆದ ಗೀರು. ಒಂದು ಕೈ ಸರ್ಕಾರದ್ದು, ಇನ್ನೊಂದು ಅವನದ್ದು. "ಇದು ಸ್ಪಷ್ಟವಾ, ಇದಾ?" ಎಲ್ಲರೂ ತಟ್ಟನೆ ಒಂದು ಹೇಳಿಬಿಡ್ತಾರೆ. ಶಶಾಂಕ ಹೇಳಲಿಲ್ಲ. ನೋಡಿದ, ಮತ್ತೆ ಹಾಕು ಅಂದ, ಮತ್ತೆ ನೋಡಿದ. ಆ ಬಿಡುವು. "ಸ್ಪಷ್ಟ ಎರಡನೇದು," ಅಂದ ಕೊನೆಗೆ. "ಚೆಂದ ಮೊದಲಿಂದು." ಹದಿನಾರು ವರ್ಷದಲ್ಲಿ ಈ ಕುರ್ಚಿಯಲ್ಲಿ ಕೂತ ಒಬ್ಬರೂ ಇಂಥ ಉತ್ತರ ಕೊಟ್ಟಿರಲಿಲ್ಲ. ತಾನು ಅರವತ್ತೆರಡು ಪ್ಲಗಿನ್ನು ಇಟ್ಟುಕೊಂಡು, ಇದು ಸ್ಪಷ್ಟವಾ ಅದು ಸ್ಪಷ್ಟವಾ ಅಂತ ತಿಂಗಳುಗಟ್ಟಲೆ ಗುಂಡಿ ತಿರುಗಿಸಿದಾಗ ಚೆಂದ ಅನ್ನೋ ಎರಡನೇ ಪ್ರಶ್ನೆಯೊಂದು ಇದೆ ಅಂತಲೇ ಹೊಳೆದಿರಲಿಲ್ಲ ಅಂತ ನಂದನನಿಗೆ ಅನ್ನಿಸ್ತು. ಹೇಳಿಬಿಡಲೇ ಈಗ? ಗಾಜು ಕೈಯಲ್ಲಿತ್ತು, ಶಶಾಂಕನ ಕಣ್ಣು ಗಾಜಿನ ಹಿಂದೆ ದೊಡ್ಡದಾಗಿ ಕಾಣ್ತಿತ್ತು. "ಮೂಗಿಗೆ ಒತ್ತತ್ತಾ?" ಅಂತ ಮಾತ್ರ ಕೇಳಿದ.

"ಒತ್ತಲಿ. ಇದನ್ನ ಹಾಕ್ಯಂಡೇ ಇರ್ತೆ, ಲೋಕ ಕಾಣ್ತಾ ಇದ್ದು. ನೀ ಅದನ್ನ ತೆಗಿ, ಹೊತ್ತಾತು." ಹದಿನೇಳು ನಿಮಿಷ. ನಂದನ ಲ್ಯಾಪ್‌ಟಾಪನ್ನ ಹತ್ತಿರ ಎಳ್ಕೊಂಡ. ಶಶಾಂಕನ ಹೆಸರಲ್ಲಿ ಹೊಸ ಖಾತೆ ತೆರೀಬೇಕು, ಹೆಸರು, ಮೇಲ್, ವಿಳಾಸ. ಹೊಸ ಕಿಟಕಿ ತೆರೆದು ಮಾಡಬೇಕಿತ್ತು, ಅವನು ಇದ್ದ ಕಿಟಕಿಯಲ್ಲೇ ಕೆಂಪು ಗುಂಡಿ ಒತ್ತಿದ. ತನ್ನ ಕೈಯಾರೆ ಒತ್ತಿದ ಆ ಗುಂಡಿಯ ಜೊತೆಗೆ ಮಧ್ಯಾಹ್ನದ ಎರಡು ಗಂಟೆಗಳೆಲ್ಲ ಹೋದ್ವು ಅಂತ ದುಃಖಪಡ್ತಾ ಇದ್ದದ್ದರಿಂದ ಬೇರೆ ಯಾವುದೂ ಹೊಳೆಯಲಿಲ್ಲ. ಮನುಷ್ಯ ಮರೆಯಬಹುದು, ಬ್ರೌಸರ್ ಮರೆಯೋದಿಲ್ಲ. ಅದು ಆ ಬೇರೆ ಮೇಲ್ ಐಡಿಯನ್ನ ಆರು ತಿಂಗಳಿಂದ ಜೋಪಾನ ಮಾಡಿ ಇಟ್ಟುಕೊಂಡಿತ್ತು. ಪುಟ ಒಂದು ಸಲ ಬಿಳಿಯಾಗಿ ಮತ್ತೆ ತುಂಬಿಕೊಂಡ್ತು. ಮೇಲೆ ಹಳದಿ ಪಟ್ಟಿಯಲ್ಲಿ ಇಂಗ್ಲಿಷಲ್ಲಿ ಎರಡು ಸಾಲು ಬಂತು: ನಮಸ್ಕಾರ ನಂದನ್, ಈ ವಸ್ತು ಈಗಾಗಲೇ ನಿಮ್ಮದಾಗಿದೆ. ಅದರ ಕೆಳಗೆ ಇರುವೆಯಂಥ ಅಕ್ಷರದಲ್ಲಿ ಕೊಂಡ ದಿನ. ನಂದನ ಪರದೆಯನ್ನ ತಿರುಗಿಸೋಕೆ ಹೋದ. ಆದ್ರೆ ಶಶಾಂಕ ಆಗಲೇ ಬಗ್ಗಿದ್ದ. ಇಪ್ಪತ್ತು ವರ್ಷ ತಾರೀಖು ನೋಡಿ ಅನ್ನ ಉಂಡವನು, ಅದೂ ಈಗ ಎರಡು ಕಣ್ಣಿಗೂ ನಂದನನೇ ಆರಿಸಿ ಹಾಕಿದ, ಒಂದಿಷ್ಟೂ ತಪ್ಪಿಲ್ಲದ ಗಾಜು.

"ನವೆಂಬರ್ ಇಪ್ಪತ್ತೊಂಬತ್ತು," ಅಂತ ಶಶಾಂಕ ಓದಿದ. ಪರೀಕ್ಷೆಗೆ ಓದಿದ ಹಾಗೇ, ಒಂದೊಂದೇ ಶಬ್ದ. ರಸ್ತೆಯಲ್ಲಿ ಹಲಸಿನಹಣ್ಣಿನ ಗಾಡಿಯವನು ಕೂಗ್ತಾ ಹೋದ. ನಂದನ ಆರು ತಿಂಗಳಿಂದ ಸಿದ್ಧ ಮಾಡಿಟ್ಟಿದ್ದ ಉತ್ತರಗಳೆಲ್ಲ, ಅದು ಬೇರೆ ವರ್ಷನ್ನು, ಅದು ಡೆಮೊ, ಅದು ತಮ್ಮನ ಖಾತೆ, ಒಂದರ ಹಿಂದೊಂದು ಬಾಗಿಲ ತನಕ ಬಂದು ವಾಪಸ್ ಹೋದ್ವು. "ಅಂದ್ರೆ," ಅಂದ ಶಶಾಂಕ, "ಫೆಬ್ರವರಿಲಿ ಅರ್ಜೆಂಟ್ ಇದ್ದು ಹೇಳಿ ನೀ ಫೋನ್ ಮಾಡಿದ್ಯಲ..."

"ಹೂಂ."

"ಅವತ್ತು ಬೇಕಾಗಿತ್ತಿಲ್ಲೆ."

"ಇಲ್ಲೆ."

"ಮತ್ತೆ ಎಂತಕ್ಕೆ?"

"ನೀ ಬಾರಿಸದು ಕೇಳಲೆ," ಅಂದ ನಂದನ. ಧ್ವನಿ ಹದಿನಾರು ವರ್ಷದ ಹುಡುಗನದ್ದಾಗಿ ಬಂತು, ಅದಕ್ಕೂ ನಾಚಿಕೆಯಾಯ್ತು. "ಇಳಿಸು ಅಂದ್ರೆ ನೀ ಮುಗಿಸಿ ಕೊಡ್ತೆ ಅಂತ್ಯಲ. ಆ ಮೂರು ನಿಮಿಷ. ಎಂಗೆ ಅಷ್ಟೇ ಬೇಕಾಗಿತ್ತು. ಅವತ್ತು ನಿಂದು ತಪ್ಪಿ ಹೋತು ಹೇಳಿ ಎಂಗೆ ಗೊತ್ತಿದ್ದು. ಗಂಗಕ್ಕ ಹೇಳಿತ್ತು. ಗೊತ್ತಾದ ಮೇಲೂ ಫೋನ್ ಮಾಡಿದ್ದೆ."

ಶಶಾಂಕ ಕೋಪ ಮಾಡ್ಕೊಳ್ತಾನೆ ಅಂತ ನಂದನ ಕಾದ. ಕೋಪ ಬಂದಿದ್ರೆ ಎಷ್ಟೋ ಹಗುರಾಗ್ತಿತ್ತು. ಅವನು ಟ್ರಯಲ್ ಫ್ರೇಮಿನ ಒಳಗಿಂದ ನೋಡ್ತಾ ಕೂತ, ಆ ಗುಂಡು ಗಾಜುಗಳಲ್ಲಿ ಅಂಗಡಿಯ ಟ್ಯೂಬ್‌ಲೈಟು ಎರಡೆರಡಾಗಿ ಉರೀತಿತ್ತು. "ಶಿರಸಿಂದ ದೊಡ್ಮನೆಗೆ ವೀಸಾ ಬೇಕನಾ?" ಅಂದ ಕೊನೆಗೆ. "ಬಪ್ಪಲಾಗಿತ್ತು." "ಎದುರಿಗೆ ಕುಂತ್ರೆ ನೀ ಬಾರಿಸ್ತ್ಯಿಲ್ಲೆ." ಶಶಾಂಕ ಅದನ್ನ ಯೋಚನೆ ಮಾಡಿದ. ಅವನು ಯೋಚನೆ ಮಾಡಿದ್ದು ಕಾಣ್ತಿತ್ತು. ತನ್ನ ಮೇಲೆ ಬಂದ ಆರೋಪವನ್ನೂ ಗಾಜು ಬದಲಿಸಿ ನೋಡಿದ ಹಾಗೆ. "ಅದು ಹೌದು," ಅಂತ ಒಪ್ಪಿಕೊಂಡ. ಆಮೇಲೆ ನಂದನ ಯಾವತ್ತೂ ಯೋಚಿಸದ ಕಡೆಯಿಂದ ಕೇಳಿದ: "ಆತು. ಎನ್ನ ಹತ್ರ ಇಳಿಸಿಕ್ಯಂಡು ನೀ ಎಂತ ಬಾರಿಸಿದ್ಯ? ಆರು ತಿಂಗಳಾತಲ. ಕೇಳ್ಸು."

ಕೇಳಿಸೋಕೆ ಏನಿತ್ತು. ಲ್ಯಾಪ್‌ಟಾಪಿನ ಒಂದು ಮೂಲೆಯಲ್ಲಿ 'ಹೊಸದು', 'ಹೊಸದು ೨', 'ಹೊಸದು ನಿಜವಾದ್ದು' ಅಂತ ಫೈಲುಗಳಿದ್ವು. ಶಶಾಂಕನೇ ಬೆರಳು ತೋರಿಸಿ, ಇದು ಹಾಕು ಅಂದ. ಹಾಕಿದ. ಹದಿನಾಲ್ಕು ಸೆಕೆಂಡಿನ ಒಂದು ಎಳೆ. ಮತ್ತೊಂದು ಹಾಕಿದ, ಅದೇ ಹದಿನಾಲ್ಕು ಸೆಕೆಂಡು, ಬೇರೆ ಆಂಪು. ಮೂರನೇದರಲ್ಲಿ ಅದೇ, ಗುಹೆಯೊಳಗಿಂದ. ನಾಲ್ಕನೇದರಲ್ಲಿ ಅದೇ, ಹಳೇ ಟೇಪಿನ ಸುಯ್‌ಗುಟ್ಟುವಿಕೆಯ ಜೊತೆಗೆ. ಮದುವೆ ಮನೆಯಲ್ಲಿ ಒಂದೇ ಪಲ್ಯವನ್ನ ನಾಲ್ಕು ಪಾತ್ರೆಯಲ್ಲಿ ತಂದು ಬಡಿಸಿದವನ ಹಾಗೆ ನಿಂತಿದ್ದ. ಐದನೇದು ಹಾಕೋಕೆ ಹೋದಾಗ ಶಶಾಂಕ ಕೈ ಹಿಡಿದ. "ಶುರು ಚೊಲೋ ಇದ್ದು," ಅಂದ. ನಂದನ ಹಂಗಿಸ್ತಿದ್ದಾನೆ ಅಂದ್ಕೊಂಡ. ಇಲ್ಲ, ಅವನಿಗೆ ಹಂಗಿಸೋಕೆ ಬರೋದಿಲ್ಲ. "ಮುಂದೆ?" "ಮುಂದೆ ಇಲ್ಲೆ." "ಎಂತಕ್ಕೆ ಇಲ್ಲೆ?" "ಸೌಂಡ್ ಸರಿ ಆಗ್ಲಿ, ಆಮೇಲೆ ಮುಂದೆ ಮಾಡವು ಹೇಳಿ..." ಶಶಾಂಕ ನಗಲಿಲ್ಲ. "ಗಿಟಾರ್ ಎಲ್ಲಿದ್ದು?" ಅಂದ.

"ಮೊದಲು ನಿಂದು ತಗಂಬನ," ಅಂದ ನಂದನ, ತಪ್ಪಿಸ್ಕೊಳ್ಳೋ ದಾರಿ ಕಂಡು. "ಎಂಟೇ ನಿಮಿಷ ಇದ್ದು. ಹೊಸ ಖಾತೆ ತೆಗೀತೆ." "ಅವು ಮುಂದಿನ ತಿಂಗಳು ಮತ್ತೆ ಹಾಕ್ತ, ಮತ್ತೊಂದು ಹಬ್ಬದ ಹೆಸರು ಹೇಳ್ಕಂಡು," ಅಂದ ಶಶಾಂಕ. "ಅಮೆರಿಕದವು ಎಲ್ಲಿಗೂ ಹೋಗ್ತ್ವಿಲ್ಲೆ. ಗಿಟಾರ್ ತಗಂಡು ಬಾ."

ಹಿಂದಿನ ಕೋಣೆಯಿಂದ ಗಿಟಾರು ತಂದಾಗ ಅದರ ಹೆಗಲ ಮೇಲೆ ಧೂಳಿತ್ತು, ಯಾರೂ ಬಿಡಿಸಿರದ ಧೂಳು. ತಂತಿ ಎರಡು ಕಿಲುಬು ಹಿಡಿದಿತ್ತು. ಶ್ರುತಿ ಮಾಡುವಾಗ, ಎರಡನೇ ತಂತಿ ಸರಿಯಾದಾಗ ಮಾತ್ರ ಶಶಾಂಕ ಹುಬ್ಬು ಎತ್ತಿದ. ನಂದನ ವಯರು ಹುಡುಕೋಕೆ ಬಗ್ಗಿದ. "ಅದೆಲ್ಲ ಬೇಡ. ಹಂಗೇ ಬಾರ್ಸು." "ಕೇಳ್ತಿಲ್ಲೆ ಮಾರಾಯಾ, ಎಲೆಕ್ಟ್ರಿಕ್ ಇದು." "ಎಂಗೆ ಕೇಳ್ತು." ಕರೆಂಟಿಲ್ಲದ ಎಲೆಕ್ಟ್ರಿಕ್ ಗಿಟಾರಿನ ಶಬ್ದ ಅಂದ್ರೆ ಡಬ್ಬಿಯೊಳಗಿನ ಸೊಳ್ಳೆ. ಅದರಲ್ಲಿ ಅಡಗಿಕೊಳ್ಳೋಕೆ ಗುಹೆಯಿಲ್ಲ, ಟೇಪಿಲ್ಲ, ಸತ್ತ ವಾಲ್ವಿನ ನರಳಾಟವಿಲ್ಲ. ನಂದನ ಸ್ಟೂಲಿನ ಮೇಲೆ ಕೂತು ಆ ಹದಿನಾಲ್ಕು ಸೆಕೆಂಡು ಬಾರಿಸಿದ. ಮೆತ್ತಗಾದ ಬೆರಳುಗಳಿಗೆ ತಂತಿ ಕಚ್ಚಿತು. ಒಂದು ಕಡೆ ಎಡವಿದ, ಮತ್ತೆ ಮೊದಲಿಂದ ಅಂದ. "ಮೊದಲಿಂದ ಬೇಡ," ಅಂದ ಶಶಾಂಕ, "ಎಡವಿದಲ್ಲಿಂದ." ಅಂದವನು ಪರೀಕ್ಷೆಯ ಕುರ್ಚಿಯನ್ನ ಮುಂದಕ್ಕೆಳೆದು, ಟ್ರಯಲ್ ಫ್ರೇಮನ್ನ ತೆಗೆಯದೇ ಹಾಗೇ ಹಣೆಗೆ ಏರಿಸಿ, ತಲೆಯನ್ನ ಓರೆ ಮಾಡಿ ಕಿವಿಯನ್ನ ಗಿಟಾರಿನ ಮರಕ್ಕೇ ತಾಗಿಸಿದ. ಕಣ್ಣು ಮುಚ್ಚಿದ. ನಂದನನ ಮುಂಗೈಯ ಹತ್ತಿರ ಅವನ ಉಸಿರು ತಾಗ್ತಿತ್ತು. ಆರು ತಿಂಗಳು ತಾನು ಶಶಾಂಕನನ್ನ ಕದ್ದು ಕೇಳಿದ್ದೆಲ್ಲ ಕೇಳೋದೇ ಅಲ್ಲ, ಉಣ್ಣೋದು ಅಂತ ನಂದನನಿಗೆ ಆಗ ತಿಳೀತು. ಕೇಳೋದು ಅಂದ್ರೆ ಇದು, ಹೀಗೆ ಒಬ್ಬನ ಪೂರ್ತಿ ತಲೆ ಇನ್ನೊಬ್ಬನ ತಪ್ಪಿನ ಮೇಲೆ ಒರಗಿಕೊಳ್ಳೋದು. ಇಷ್ಟು ಚೆನ್ನಾಗಿ ಬಾರಿಸ್ತಾನೆ ಅಂತ ತಾನು ಮೆಚ್ಚಿಕೊಂಡಿದ್ದವನು ಇಷ್ಟು ಚೆನ್ನಾಗಿ ಕೇಳ್ತಾನೆ ಅಂತ ನಂದನನಿಗೆ ಗೊತ್ತೇ ಇರಲಿಲ್ಲ. ಅಷ್ಟು ಚೆನ್ನಾಗಿ ಕೇಳೋದರಿಂದಲೇ ಅಷ್ಟು ಕಮ್ಮಿ ಬಾರಿಸ್ತಾನೋ ಏನೋ.

ಬಾಗಿಲಲ್ಲಿ ಯಾರೋ ಮಾಸ್ತರರಂಥವರು ಕನ್ನಡಕದ ಮುರಿದ ಕಾಲು ಹಿಡ್ಕೊಂಡು ಬಂದು, "ಸ್ವಲ್ಪ ಇದೊಂದು ಸ್ಕ್ರೂ..." ಅಂದ್ರು. ನಂದನನ ಕೈ ನಿಲ್ಲೋಕೆ ಹೋಯ್ತು. ಶಶಾಂಕ ಕಿವಿ ತೆಗೆಯದೇ, ಕಣ್ಣು ಬಿಡದೇ, ಒಂದು ಕೈ ಎತ್ತಿ ಬೆಂಚು ತೋರಿಸಿದ. "ಕೂತ್ಕಳಿ," ಅಂದ, "ಇವ ಬಾರಿಸ್ತಾ ಇದ್ದ." ಮಾಸ್ತರರು ಒಂದು ಸಲ ಗಲ್ಲೆಯ ಮೇಲಿನ ಲ್ಯಾಪ್‌ಟಾಪು ನೋಡಿದ್ರು, ಅಲ್ಲಿ ಸೊನ್ನೆಗಳು ಸಾಲಾಗಿ ನಿಂತಿದ್ವು, ಒಂದು ಸಲ ಗಿಟಾರಿಗೆ ಕಿವಿಗೊಟ್ಟು ಮಲಗಿದ ಹಾಗಿದ್ದ ಮನುಷ್ಯನನ್ನ ನೋಡಿದ್ರು, ಮತ್ತೆ ಮುರಿದ ಕಾಲನ್ನ ಜೇಬಿಗೆ ಹಾಕಿ ಕೂತ್ರು. ಹದಿನಾಲ್ಕನೇ ಸೆಕೆಂಡು ಬಂತು. ಅದರಾಚೆ ನಂದನ ಯಾವತ್ತೂ ಹೋಗಿರಲಿಲ್ಲ. ಉಂಗುರಬೆರಳನ್ನ ಎಲ್ಲಿಡಬೇಕು ಅಂತ ಗೊತ್ತಾಗದೇ ಒಂದು ಕ್ಷಣ ಎತ್ತಿ ಹಿಡಿದ, ಶಶಾಂಕ ಅಲುಗಾಡಲಿಲ್ಲ, ಕಾದ. ನಂದನ ಬೆರಳನ್ನ ತಂತಿಯ ಮೇಲೆ ಒಂದು ಮನೆ ಕೆಳಗಿಟ್ಟು ಮೀಟಿದ.